ಸೋಗಾನೆಯಿಂದ ಲೇಹ್‌ಗೆ ಗಿಟಾರ್: ಯಾವುದು ಒಯ್ಯೋದು, ಹೇಗೆ ಪ್ಯಾಕ್ ಮಾಡೋದು, ಅಲ್ಲಿ ಯಾಕೆ ಝರ್ ಅನ್ನತ್ತೆ?

ತೀರ್ಥಹಳ್ಳಿ_ತಂತಿ:
ಸೆಪ್ಟೆಂಬರ್ ಕೊನೆಗೆ ಸೋಗಾನೆ (ಶಿವಮೊಗ್ಗ ವಿಮಾನ ನಿಲ್ದಾಣ)–ಬೆಂಗಳೂರು ಎಟಿಆರ್ (ಚಿಕ್ಕ ಪ್ರೊಪೆಲ್ಲರ್ ವಿಮಾನ), ಆಮೇಲೆ ದಿಲ್ಲಿ, ಲೇಹ್. ಇರೋದು 36 ಇಂಚಿನ ಮಿನಿ ಅಕೂಸ್ಟಿಕ್, ಮೇಲ್ಹಲಗೆ ಸಾಲಿಡ್ ಸ್ಪ್ರೂಸ್ ಮರ. ಕ್ಯಾಬಿನ್‌ಗೆ ಬಿಡ್ತಾರಾ, ಇಲ್ಲ ಇನ್ನೂ ಚಿಕ್ಕದು ಕೊಳ್ಳಬೇಕಾ? ಇನ್ನೊಂದು: ಒಣ ಊರಿಗೆ ಹೋದರೆ ನಾಲ್ಕೈದು ದಿನದಲ್ಲಿ ಎಲ್ಲ ತಂತಿನೂ ಝರ್ ಅನ್ನತ್ತೆ. ವಾಪಸ್ ಬಂದು ವಾರದಲ್ಲಿ ತಾನೇ ಸರಿಯಾಗತ್ತೆ. ಪ್ಯಾಕಿಂಗ್ ದೋಷವಾ?

ಆರನೇತಂತಿ:
ಪ್ಯಾಕಿಂಗ್ ಅಲ್ಲ, ಹವೆ. ಒಂದು ಪ್ರಶ್ನೆ: ಜೂನ್‌–ಜುಲೈನಲ್ಲಿ ಆ್ಯಕ್ಷನ್ (ಕತ್ತಿನಿಂದ ತಂತಿಯ ಅಂತರ) ಎತ್ತರ ಆಯ್ತು ಅಂತ ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿ ಕೂರೋ ಮೂಳೆ ಪಟ್ಟಿ) ಉಜ್ಜಿದ್ದೀರಾ?

ತೀರ್ಥಹಳ್ಳಿ_ತಂತಿ:
ಹೌದು, ತಳದಿಂದ ಸುಮಾರು ಒಂದೂವರೆ ಮಿಲಿಮೀಟರ್.

ಆರನೇತಂತಿ:
ಅಲ್ಲೇ ಇದೆ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಹವೆಯ ತೇವ ಶೇ. 85–90 ದಾಟತ್ತೆ, ಗಿಟಾರಿಗೆ ಬೇಕಾದ್ದು 45–55. ಮೇಲ್ಹಲಗೆ ನೀರು ಕುಡಿದು ಬ್ರಿಡ್ಜಿನ (ತಂತಿಯ ಬುಡ ಸಿಕ್ಕಿಸೋ ಮರದ ತುಂಡು) ಹಿಂದೆ ಉಬ್ಬತ್ತೆ, ತಂತಿ ಮೇಲೇಳತ್ತೆ. ಅದು ಆ ಕಾಲದ ಊತ, ಅದಕ್ಕೆ ಮೂಳೆ ಉಜ್ಜಬಾರದು.

ಲೆಕ್ಕ ಹಾಕಿ: 12ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ಆರನೇ ತಂತಿ 2.5 ಮಿ.ಮೀ. ಇದ್ದದ್ದು ಮಳೆಗೆ 3.2 ಆಯ್ತು ಅಂದುಕೊಳ್ಳಿ. ಸ್ಯಾಡಲ್ ಎಷ್ಟು ಇಳಿಸ್ತೀರೋ ಅದರ ಅರ್ಧ ಮಾತ್ರ 12ನೇ ಫ್ರೆಟ್‌ನಲ್ಲಿ ಇಳಿಯತ್ತೆ. ಒಂದೂವರೆ ತೆಗೆದಿರಿ, ಮತ್ತೆ 2.5ಕ್ಕೆ ಬಂತು, ಖುಷಿ. ಒಣ ಹವೆಯಲ್ಲಿ ಊತ ಇಳಿದಾಗ ಅದೇ ತಂತಿ 1.8ಕ್ಕೆ ಕೂರತ್ತೆ. ಮೇಲ್ಹಲಗೆ ಇನ್ನೂ ತಗ್ಗಿದರೆ ಅದಕ್ಕೂ ಕೆಳಗೆ. ಝರ್ ಅನ್ನದೇ ಇನ್ನೇನು ಮಾಡತ್ತೆ?

ಟ್ರಸ್ ರಾಡ್ (ಕತ್ತಿನ ಒಳಗೆ ಬಾಗು ಸರಿಪಡಿಸೋ ಲೋಹದ ಸರಳು) ಮುಟ್ಟಬೇಡಿ. ಪೂರ್ತಿ ಎತ್ತರದ ಎರಡನೇ ಸ್ಯಾಡಲ್ ಒಂದು ಮಾಡಿಸಿ ಜೊತೆಗೆ ಒಯ್ಯಿರಿ. ಸಮಯ ಇಲ್ಲ ಅಂದರೆ ಅವಧಿ ಮುಗಿದ ಎಟಿಎಂ ಕಾರ್ಡ್‌ನಿಂದ ಸ್ಯಾಡಲ್‌ನಷ್ಟೇ ಉದ್ದ ಅಗಲದ ಪಟ್ಟಿ ಕತ್ತರಿಸಿ ಅಡಿಗೆ ಕೊಡಿ. ಕಾರ್ಡಿನ ದಪ್ಪ 0.76 ಮಿ.ಮೀ., ತಂತಿ ಸುಮಾರು 0.4 ಏಳತ್ತೆ. ಉಬ್ಬು ಅಕ್ಷರ ಇಲ್ಲದ ಭಾಗ ಆರಿಸಿ. ಸ್ಯಾಡಲ್ ಕೆಳಗೆ ಪಿಯೆಜೋ ಪಿಕಪ್ (ಸದ್ದನ್ನು ಆಂಪ್ಲಿಫೈಯರ್‌ಗೆ ಕಳಿಸೋ ಪಟ್ಟಿ) ಇದ್ದರೆ ಈ ಉಪಾಯ ಬೇಡ, ಒಂದೆರಡು ತಂತಿಯ ಸದ್ದು ಸೊರಗತ್ತೆ. ಆಗ ಎರಡನೇ ಸ್ಯಾಡಲ್ಲೇ ಗತಿ.

ಮಳೆಬಿಲ್ಲು_72:
ಅಳತೆ ವಿಷಯ. ನಮ್ಮ ದೇಶದ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿಗೆ ಸಾಮಾನ್ಯ ಮಿತಿ 55×35×25 ಸೆಂ.ಮೀ., 7 ಕೆಜಿ. ತೂಕ ಸಮಸ್ಯೆನೇ ಅಲ್ಲ, ಉದ್ದ ಸಮಸ್ಯೆ. ನಿಮ್ಮ 36 ಇಂಚು ಬ್ಯಾಗ್ ಸೇರಿ ಮೀಟರ್ ಹತ್ತಿರ. ‘ಟ್ರಾವೆಲ್ ಗಿಟಾರ್’ ಅಂತ ಮಾರೋ ಬೇಬಿ ಟೇಲರ್, ಲಿಟಲ್ ಮಾರ್ಟಿನ್ ಕೂಡ 34 ಇಂಚಿನ ಆಸುಪಾಸು. ತಲೆ (ಕತ್ತಿನ ಕೊನೆಯ ಕೀಲಿಗಳ ಭಾಗ) ಇಲ್ಲದ 28 ಇಂಚಿನದೂ 71 ಸೆಂ.ಮೀ. ಆಯ್ತು. ಕಾಗದದ ಮೇಲಿನ ಮಿತಿಯ ಹತ್ತಿರ ಬರೋದು ಕತ್ತು ಕಳಚೋ ಅಥವಾ ಮಡಚೋ ಮಾದರಿ ಮಾತ್ರ. ದೊಡ್ಡ ಜೆಟ್‌ನ ಉದ್ದ ಬಿನ್‌ನಲ್ಲಿ (ಸೀಟಿನ ಮೇಲಿನ ಸಾಮಾನು ಖಾನೆ) ಜಾಗ ಇದ್ದರೆ ಸಿಬ್ಬಂದಿ ಬಿಡೋದುಂಟು, ಹಕ್ಕು ಅಂತ ಕೇಳೋಕಾಗಲ್ಲ. ಸೋಗಾನೆ ರನ್‌ವೇ 3,200 ಮೀಟರ್ ಉದ್ದ ಇರಬಹುದು, ಎಟಿಆರ್ 72ರ ಬಿನ್ ಮಾತ್ರ ಗಿಡ್ಡ! ಮೆಟ್ಟಿಲ ಬುಡದಲ್ಲೇ ಟ್ಯಾಗ್ ಹಾಕಿ ಹೋಲ್ಡಿಗೆ (ವಿಮಾನದ ಹೊಟ್ಟೆಯ ಸಾಮಾನು ಕೋಣೆ) ಕಳಿಸಬಹುದು. ಹಾಗಾಗಿ ಕೈಯಲ್ಲಿ ಒಯ್ಯೋ ಆಸೆ ಇದ್ದರೂ ಹೋಲ್ಡಿಗೆ ಹೋಗತ್ತೆ ಅಂತಲೇ ಪ್ಯಾಕ್ ಮಾಡಿ. ಬಟ್ಟೆ ಬ್ಯಾಗ್ ಸಾಲದು, ಗಟ್ಟಿ ಕೇಸ್ ಬೇಕು. ವಿಮಾನದ ತನಕ ಬಯಲಲ್ಲೇ ನಡೀಬೇಕು, ಮಳೆ ಕವರ್ ಕೈಗೆ ಸಿಗೋ ಹಾಗಿರಲಿ.

ಹೊಸದು ಕೊಳ್ಳೋ ಅಗತ್ಯ ಕಾಣಲ್ಲ. ಚೆಕ್‌ಇನ್‌ಗೆ ಉದ್ದ+ಅಗಲ+ಎತ್ತರ 158 ಸೆಂ.ಮೀ. ಅನ್ನೋದು ಸಾಮಾನ್ಯ ಮಿತಿ. ಮಿನಿ ಗಿಟಾರಿನ ಕೇಸ್ 100+40+15ರಲ್ಲಿ ಪಾರಾಗತ್ತೆ, ಪೂರ್ತಿ ಡ್ರೆಡ್‌ನಾಟ್ (ದೊಡ್ಡ ಒಡಲಿನ ಗಿಟಾರ್) ಆಗಲ್ಲ. ಕೊಳ್ಳಲೇಬೇಕು ಅಂದರೆ ಕಾರ್ಬನ್ ಫೈಬರ್ ನೋಡಿ, ನಮ್ಮ ಮಳೆಗೂ ಲೇಹ್‌ನ ಒಣಗಿಗೂ ಅದಕ್ಕೆ ಲೆಕ್ಕವಿಲ್ಲ.

ಆರನೇತಂತಿ:
ಪ್ಯಾಕ್ ಮಾಡೋವಾಗ ಲಕ್ಷ್ಯ ಎಲ್ಲ ತಲೆ ಮೇಲಿರಲಿ. ಕೇಸ್ ಬಿದ್ದಾಗ ಗಿಟಾರಿನ ಒಡಲು ನಿಲ್ಲತ್ತೆ, ಆರು ಕೀಲಿಗಳ ಭಾರ ಹೊತ್ತ ತಲೆ ಮುಂದಕ್ಕೇ ಚಿಮ್ಮತ್ತೆ, ನಟ್‌ನ (ಕತ್ತು-ತಲೆ ಸೇರೋ ಕಡೆ ತಂತಿ ಕೂರೋ ಪಟ್ಟಿ) ಹಿಂದೆ ಟಪ್ ಅಂತ ಮುರಿಯತ್ತೆ. ಕತ್ತು ಅಲ್ಲೇ ತೀರಾ ತೆಳು, ಒಳಗೆ ಟ್ರಸ್ ರಾಡಿನ ಕಾಲುವೆ ಬೇರೆ. ಕತ್ತಿನ ಕೆಳಗೆ, ನಟ್‌ಗೆ ಹತ್ತಿರ, ಹಳೇ ಟವೆಲ್ ಸುತ್ತಿ ಕೊಡಿ, ತಲೆಯ ತುದಿ ಕೇಸಿಗೆ ತಾಗಬಾರದು. ತಲೆಯ ಎರಡು ಪಕ್ಕ, ಮೇಲೆ ಸಾಕ್ಸ್ ತುಂಬಿ. ಬುಡದ ಸ್ಟ್ರಾಪ್ ಗುಂಡಿ ಕಡೆಗೂ ಮೆತ್ತೆ ಬೇಕು, ಇಲ್ಲಾಂದ್ರೆ ನೆಟ್ಟಗೆ ಬಿದ್ದಾಗ ಗುಂಡಿಯೇ ಮೊಳೆ ಥರ ಒಳಗೆ ನುಗ್ಗತ್ತೆ. ಮುಚ್ಚಿ ಅಲ್ಲಾಡಿಸಿ, ಒಳಗೆ ಸದ್ದು ಬಂದರೆ ಮತ್ತೆ ತೆಗೀರಿ.

ತಂತಿ ಒಂದರಿಂದ ಒಂದೂವರೆ ಸ್ವರ ಇಳಿಸಿ, ಪೂರ್ತಿ ಸಡಿಲ ಬೇಡ: ತಂತಿಯ ಬುಡ ಹಿಡಿದಿರೋ ಬ್ರಿಡ್ಜ್ ಪಿನ್ ಎದ್ದು ಒಳಗೇ ಉರುಳಾಡತ್ತೆ. ತಂತಿ-ಫ್ರೆಟ್ ನಡುವೆ ರಟ್ಟು. (ಅಡಿಕೆ ಹಾಳೆ ಇಡೋರಿದ್ದಾರೆ. ಒಣಗಿದರೆ ಸುರುಟತ್ತೆ, ತೇವ ಹಿಡಿದರೆ ಬೂಷ್ಟು. ರಟ್ಟೇ ಸಾಕು.) ತಂತಿ ಕಟರ್, ಸ್ಕ್ರೂಡ್ರೈವರ್ ಚೆಕ್‌ಇನ್‌ಗೆ, ಪವರ್ ಬ್ಯಾಂಕ್ ಕೈಚೀಲಕ್ಕೆ.

ತೀರ್ಥಹಳ್ಳಿ_ತಂತಿ:
ಕೇಸಿನಲ್ಲಿ 100 ಗ್ರಾಂ ಸಿಲಿಕಾ ಜೆಲ್ (ತೇವ ಹೀರೋ ಹರಳು) ಇದೆ, ಕಿತ್ತಳೆಯಿಂದ ಹಸಿರಿಗೆ ತಿರುಗಿದೆ. ಹಾಗೇ ಇರಲಾ?

ಆರನೇತಂತಿ:
ಹಸಿರು ಅಂದರೆ ಹೊಟ್ಟೆ ತುಂಬಿದೆ, ಈಗ ಅದು ಕೆಲಸಕ್ಕಿಲ್ಲ. 110–120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟು ಕಿತ್ತಳೆ ಬಣ್ಣ ಬರಿಸಿ, ಹೊರಡೋ ತನಕ ಕೇಸಲ್ಲಿಡಿ. ಪ್ರಯಾಣಕ್ಕೆ ಮಾತ್ರ ಮನೆಯಲ್ಲೇ ಬಿಡಿ. ಲೇಹ್ 3,500 ಮೀಟರ್ ಎತ್ತರದ ಒಣ ಊರು, ಅಲ್ಲಿ ಜೆಲ್ ಇದ್ದರೆ ಸೀಳು ಗ್ಯಾರಂಟಿ. ಅಲ್ಲಿಗೆ ಬೇಕಾದ್ದು ತದ್ವಿರುದ್ಧ: ತೂತು ಕೊರೆದ ಸೋಪ್ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಸ್ಪಂಜು, ತಲೆಯ ಹತ್ತಿರದ ಖಾನೆಯಲ್ಲಿ. ಹನಿ ಬೀಳಬಾರದು. ಎರಡು ದಿನಕ್ಕೊಮ್ಮೆ ನೆನೆಸಿ ಹಿಂಡಿ. ತಲುಪಿದ ತಕ್ಷಣ ಕೇಸ್ ತೆರೆಯಬೇಡಿ, ನಾಲ್ಕು ಗಂಟೆ ಕೋಣೆಯ ಹವೆಗೆ ಹೊಂದಲಿ. ಫ್ರೆಟ್‌ನ ತುದಿ ಅಂಗೈಗೆ ಚುಚ್ಚೋಕೆ ಶುರುವಾದರೆ ಸ್ಪಂಜು ಒಣಗಿದೆ ಅಂತ ಅರ್ಥ.

ತೀರ್ಥಹಳ್ಳಿ_ತಂತಿ:
ಪಿಯೆಜೋ ಇದೆ, ಎರಡನೇ ಸ್ಯಾಡಲ್ ಮಾಡಿಸ್ತೀನಿ. ಎತ್ತರ ಎಷ್ಟು ಹೇಳಲಿ?

ಆರನೇತಂತಿ:
ಈಗಿರೋದಕ್ಕಿಂತ 1.5 ಮಿ.ಮೀ. ಜಾಸ್ತಿ, ತಳ ಮಟ್ಟಸ. ಊರಲ್ಲಿ ಹಾಕಿ ನೋಡಿ ‘ಎತ್ತರ ಆಯ್ತು’ ಅಂತ ಮತ್ತೆ ಉಜ್ಜಬೇಡಿ, ಅಲ್ಲಿ ಮೂರನೇ ದಿನ ಬದಲಿಸಿ.