ಪರ್ಷಿಯನ್ ಬೆಕ್ಕು ಬಾಚಲು ಬಿಡುತ್ತಿಲ್ಲ, ಕೂದಲು ಗಂಟುಗಟ್ಟಿದೆ

ಪ್ರಶ್ನೆ (ಮಡಿಕೇರಿ): 4 ವರ್ಷದ ಹೆಣ್ಣು ಬೆಕ್ಕು. ಬ್ರಷ್ ಕಂಡರೆ ಮಂಚದಡಿ ಸೇರುತ್ತದೆ. ಕಂಕುಳಲ್ಲಿ, ಕಿವಿಯ ಹಿಂದೆ ಗಂಟುಗಳಿವೆ. ಈ ಮಳೆಯಲ್ಲಿ ಮೈ ಒಣಗುವುದೂ ನಿಧಾನ. ಸ್ನಾನ ಮಾಡಿಸಿದರೆ ಗಂಟು ಬಿಡುತ್ತದೆಯೇ?

ಉತ್ತರ (ಸೋಮವಾರಪೇಟೆ): ದಯವಿಟ್ಟು ಬೇಡ. ನೀರು ಬಿದ್ದರೆ ಗಂಟು ಇನ್ನೂ ಬಿಗಿಯುತ್ತದೆ, ಒಳಗೆ ತೇವ ನಿಂತು ಚರ್ಮ ಕೆಡುತ್ತದೆ. ಮೊದಲು ಗಂಟು, ಆಮೇಲೆ ನೀರು.

ಗಂಟಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲೇ ಎಳೆ ಎಳೆಯಾಗಿ ಬಿಡಿಸಿ. ಬುಡದ ಕೂದಲನ್ನು ಎಡಗೈಯಲ್ಲಿ ಹಿಡಿದುಕೊಳ್ಳಿ, ಎಳೆತ ಚರ್ಮಕ್ಕೆ ತಾಗಬಾರದು. ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆಯಿಂದ ತುದಿಯಲ್ಲಿ ಶುರುಮಾಡಿ ಬುಡದತ್ತ ಬನ್ನಿ. ಬ್ರಷ್ ಮೇಲ್ಪದರವನ್ನಷ್ಟೇ ನುಣುಪು ಮಾಡುತ್ತದೆ, ಗಂಟು ಅಡಿಯಲ್ಲೇ ಉಳಿಯುತ್ತದೆ. ಒಂದು ಸಲಕ್ಕೆ 2 ನಿಮಿಷ ಸಾಕು. ಬಾಲ ಬಡಿದರೆ, ಕಿವಿ ಹಿಂದಕ್ಕೆ ಮಡಿಸಿದರೆ ಅಲ್ಲಿಗೇ ನಿಲ್ಲಿಸಿ, ಉಪ್ಪು ಹಾಕದೆ ಬೇಯಿಸಿದ ಕೋಳಿಯ ಚೂರು ಕೊಡಿ. ಕೆನ್ನೆ, ಬೆನ್ನು ಮೊದಲು, ಹೊಟ್ಟೆ ಕೊನೆಗೆ.

ಉತ್ತರ (ವಿರಾಜಪೇಟೆ): ಕತ್ತರಿ ಮಾತ್ರ ಮುಟ್ಟಬೇಡಿ. ಗಂಟಿನ ಜೊತೆ ತೆಳು ಚರ್ಮವೂ ಮೇಲೆದ್ದಿರುತ್ತದೆ, ಸೀಳಿಹೋಗುತ್ತದೆ. ಬುಡಕ್ಕೆ ಅಂಟಿದ ಗಂಟನ್ನು ಪಶುವೈದ್ಯರು ಟ್ರಿಮ್ಮರ್‌ನಿಂದ ತೆಗೆಯಲಿ. ದುಂಡಗೆ ಕೂದಲುದುರಿ ಹೊಟ್ಟು ಕಂಡರೆ ಹುಳುಕಡ್ಡಿ ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ.

ಉತ್ತರ (ಗೋಣಿಕೊಪ್ಪ): ಕಾಫಿ ತೋಟಕ್ಕೆ ಹೋಗಿಬರುವ ಬೆಕ್ಕಾದರೆ ಕತ್ತಿನ ಕೂದಲೊಳಗೆ ರಕ್ತ ಹೀರುವ ಉಣ್ಣೆ ಹುಳುವನ್ನೂ ಹುಡುಕಿ. ನಾಯಿಯ ಉಣ್ಣೆ ಔಷಧಿ ಹಚ್ಚಲೇಬೇಡಿ. ಹಲವದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ, ಬೆಕ್ಕಿಗೆ ನಡುಕ, ಸೆಳೆತ ಬಂದು ಪ್ರಾಣಕ್ಕೇ ಕುತ್ತು.