‘ಸೊಂಟ’ ಎಂದರೆ ಮೂಳೆಯೋ ಮಾಂಸವೋ: ಒಂದು ಪದಪ್ರಶ್ನೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಟ್ರಾನ್ಸ್ ಮಹಿಳೆಯರಿಗಾಗಿ (ಹುಟ್ಟಿದಾಗ ಗಂಡೆಂದು ಗುರುತಿಸಲಾದ, ಆದರೆ ತಮ್ಮನ್ನು ಹೆಣ್ಣೆಂದೇ ಬಲ್ಲವರಿಗಾಗಿ) ಸಿದ್ಧವಾಗುತ್ತಿರುವ ಒಂದು ಆರೋಗ್ಯ ಕೈಪಿಡಿಯ ಕನ್ನಡವನ್ನು ತಿದ್ದಿಕೊಡುವ ಕೆಲಸ ಕಳೆದ ಎರಡು ತಿಂಗಳಿಂದ ನನ್ನ ಪಾಲಿಗೆ ಬಂದಿದೆ. ಗಂಡು ಹೆಣ್ಣುಗಳ ಮೂಳೆಕಟ್ಟಿನಲ್ಲಿರುವ ವ್ಯತ್ಯಾಸವೇನು, ಟ್ರಾನ್ಸ್ ಮಹಿಳೆಯರು ತಮ್ಮ ಮೈಯನ್ನು ತಾವೇ ಕಾಣುವ ಬಗೆಯಲ್ಲಿ ಆ ವ್ಯತ್ಯಾಸ ಹೇಗೆ ಬಂದು ಸೇರಿಕೊಳ್ಳುತ್ತದೆ ಎಂಬುದು ಅದರ ಒಂದು ಅಧ್ಯಾಯದ ವಿಷಯ. ನಾನು ಸಿಕ್ಕಿಕೊಂಡಿರುವುದು ಅಲ್ಲಿನ ದೊಡ್ಡ ಪಾರಿಭಾಷಿಕ ಪದಗಳಲ್ಲಲ್ಲ, ನಾವು ದಿನವೂ ಆಡುವ ‘ಸೊಂಟ’ ಎಂಬ ಮಾತಿನಲ್ಲಿ.

ಕರಡಿನ ಒಂದೇ ಪುಟದಲ್ಲಿ ಎರಡು ವಾಕ್ಯಗಳಿವೆ. ‘ಹಾರ್ಮೋನ್ ಚಿಕಿತ್ಸೆ ಪಡೆದ ಮೇಲೆ ಸೊಂಟ ನಿಧಾನವಾಗಿ ಅಗಲವಾಗುತ್ತದೆ’ ಎಂಬುದು ಮೊದಲನೆಯದು. ‘ಬೆಳವಣಿಗೆ ಮುಗಿದವರಲ್ಲಿ ಹಾರ್ಮೋನ್‌ನಿಂದ ಸೊಂಟ ಅಗಲವಾಗುವುದಿಲ್ಲ’ ಎಂಬುದು ನಾಲ್ಕು ಸಾಲು ಕೆಳಗಿನದು. ಎರಡೂ ನಿಜವೇ. ಮೊದಲನೆಯದು ಕೊಬ್ಬಿನ ಮಾತು: ಚಿಕಿತ್ಸೆ ಶುರುವಾದ ಕೆಲವು ತಿಂಗಳಿಂದ ಹಿಡಿದು ಎರಡು ಮೂರು ವರ್ಷದವರೆಗೆ ಕೊಬ್ಬು ಹಳೆಯ ಜಾಗ ಬಿಟ್ಟು ಪೃಷ್ಠದಲ್ಲೂ ತೊಡೆಯ ಮೇಲ್ಭಾಗದಲ್ಲೂ ಕೂಡಿಕೊಳ್ಳುತ್ತದೆ. ಎರಡನೆಯದು ಮೂಳೆಯ ಮಾತು: ಹದಿಹರೆಯದಲ್ಲಿ ರೂಪುಗೊಂಡು ಬೆಳವಣಿಗೆ ನಿಲ್ಲಿಸಿದ ಮೂಳೆಯ ಅಗಲ ಆಮೇಲೆ ಯಾವ ಮಾತ್ರೆಯಿಂದಲೂ ಬದಲಾಗದು. ವೈದ್ಯರಿಗೆ ಇವು ಎರಡು ಬೇರೆ ಸಂಗತಿಗಳು. ಕನ್ನಡದಲ್ಲಿ ಓದುವವರಿಗೆ ಮಾತ್ರ ಒಂದೇ ಪುಸ್ತಕ ಒಂದೇ ಉಸಿರಿನಲ್ಲಿ ಹೌದು ಎಂದೂ ಅಲ್ಲ ಎಂದೂ ಹೇಳಿದಂತೆ ಕಾಣುತ್ತದೆ.

ಈ ಪುಟವನ್ನು ನನಗೆ ಪರಿಚಯವಿರುವ ಒಬ್ಬ ಟ್ರಾನ್ಸ್ ಮಹಿಳೆಗೆ ಓದಿ ಹೇಳಿದೆ. ಅವರು ನಲವತ್ತರ ಆಸುಪಾಸಿನವರು, ಮಂಡ್ಯದ ಕಡೆಯವರು. ನಾನು ಮುಗಿಸುವ ಮೊದಲೇ ಅವರು, “ಸೊಂಟ ಅಗಲ ಆಗೋದು ಯಾರಿಗ್ ಬೇಕು ಸಾರ್? ಸೊಂಟ ಸಣ್ಣಕಿರಬೇಕು, ಅದರ ಕೆಳಗಡೆ ತುಂಬ್ಕೊಂಡಿರಬೇಕು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಟೈಲರ್ ಹತ್ರ ಈ ತಾಪತ್ರಯ ಇಲ್ಲ. ಅವ್ನು ವೇಸ್ಟ್ ಬೇರೆ ಬರ್ಕೋತಾನೆ, ಸೀಟ್ ಬೇರೆ ಬರ್ಕೋತಾನೆ” ಎಂದು ಸೇರಿಸಿದರು. ಎರಡು ಅಳತೆಗಳಿಗೆ ಎರಡು ಹೆಸರು ಬೇಕೆಂಬುದನ್ನು ದರ್ಜಿಗಳು ಎಂದೋ ಕಂಡುಕೊಂಡಿದ್ದಾರೆ. ಬರೆಯುವ ನಾವು ಕಂಡುಕೊಂಡಿಲ್ಲ ಎಂಬುದು ಅಂದು ನನ್ನ ಮನಸ್ಸಿಗೆ ನಾಟಿತು.

ಬಳಕೆಯನ್ನೇ ನೋಡಿ. ಡಾಬು ಕಟ್ಟುವ ‘ಸೊಂಟ’ ಪಕ್ಕೆಲುಬಿಗಿಂತ ಕೆಳಗಿನ ಸಣ್ಣ ಭಾಗ. ‘ಸೊಂಟನೋವು’ ಎಂದಾಗ ಅದು ಬೆನ್ನುಮೂಳೆಯ ಬುಡ. ಕೂಸನ್ನು ‘ಸೊಂಟದ ಮೇಲೆ’ ಕೂರಿಸಿಕೊಂಡಾಗ ಅದು ಪಕ್ಕಕ್ಕೆ ಚಾಚಿದ ಮೂಳೆಯ ಅಂಚು. ‘ನಡು’ವೂ ಉತ್ತರದ ‘ಟೊಂಕ’ವೂ ಹೆಚ್ಚುಕಡಿಮೆ ಇದೇ ಹರವಿನಲ್ಲಿ ಓಡಾಡುತ್ತವೆ. ‘ನಿತಂಬ’ ಮಾಂಸಲ ಭಾಗಕ್ಕೆ ಸಲ್ಲುವುದೇ ಹೊರತು ಮೂಳೆಗೆ ಸಲ್ಲದು. ವೈದ್ಯಕೀಯ ಬರಹದಲ್ಲಿ ‘ಶ್ರೋಣಿ’ ಎಂದೂ ‘ವಸ್ತಿಕುಹರ’ ಎಂದೂ ಬರೆಯುವುದುಂಟು. ‘ಕುಹರ’ ಎಂಬುದು ಒಳಗಿನ ಟೊಳ್ಳಿನ ಹೆಸರು, ಸುತ್ತಲಿನ ಮೂಳೆಯ ಬಳೆಯದಲ್ಲ. ‘ಶ್ರೋಣಿ’ ಹಳೆಯ ಕಾವ್ಯಗಳಲ್ಲಿ ಹೆಚ್ಚಾಗಿ ಹೆಣ್ಣಿನ ಅಂಗವರ್ಣನೆಗೆ ಬರುತ್ತಿದ್ದ ಮಾತು. ಗಂಡಸಿನ ಶ್ರೋಣಿ ಎಂದು ಬರೆದರೆ ಓದುಗರಿಗೆ ಅದು ಮೂಳೆಯೆಂದು ಹೊಳೆಯುವುದೇ ಎಂಬ ಅನುಮಾನ ನನಗಿದೆ.

ನಮ್ಮ ಅಜ್ಜಿ ಹಸು ಕರು ಹಾಕುವ ಹಿಂದಿನ ದಿನ ಕೊಟ್ಟಿಗೆಗೆ ಹೋಗಿ, ಬಾಲದ ಎರಡೂ ಪಕ್ಕವನ್ನು ಬೆರಳಿನಿಂದ ಒತ್ತಿ ನೋಡಿ, “ಚಪ್ಪೆ ಬಿಟ್ಟದೆ, ಇವತ್ತೋ ನಾಳೆಯೋ” ಎನ್ನುತ್ತಿದ್ದರು. ಅವರು ಹೇಳುತ್ತಿದ್ದುದು ಈ ಮೂಳೆಯ ಬಳೆಯ ಕಟ್ಟು ಸಡಿಲವಾಗುವುದನ್ನೇ. ಆದ್ದರಿಂದ ಮೂಳೆಗೆ ‘ಚಪ್ಪೆ ಮೂಳೆ’, ಮಾಂಸ ಸೇರಿದ ಹೊರಗಿನ ಆಕಾರಕ್ಕೆ ‘ಚಪ್ಪೆಯ ಸುತ್ತು’, ಮೇಲಿನ ಸಣ್ಣ ಭಾಗಕ್ಕೆ ‘ನಡು’ ಎಂದು ಮೂರು ಪದಗಳನ್ನು ಕೈಪಿಡಿಯುದ್ದಕ್ಕೂ ಕಟ್ಟುನಿಟ್ಟಾಗಿ ಬಳಸಬೇಕೆಂಬುದು ನನ್ನ ಸೂಚನೆ. ಇದಕ್ಕೆ ಎರಡು ತೊಡಕುಗಳು ನನಗೇ ಕಾಣುತ್ತಿವೆ. ಕರಾವಳಿಯವರಿಗೆ ‘ಚಪ್ಪೆ’ ಎಂದರೆ ಉಪ್ಪಿಲ್ಲದ್ದು, ರುಚಿಯಿಲ್ಲದ್ದು. ಮೇಲಾಗಿ, ದನಕ್ಕೆ ಆಡುವ ಮಾತನ್ನು ತಮಗೆ ಆಡಿದರೆಂದು ಯಾರಾದರೂ ನೊಂದುಕೊಂಡಾರು. ಮೈಯ ಬಗ್ಗೆ ಬೇಕಾದಷ್ಟು ಕೆಟ್ಟ ಮಾತು ಕೇಳಿದವರಿಗೆ ಇನ್ನೊಂದನ್ನು ನಾವು ಕೊಡಬಾರದು.

ಇನ್ನು ಗಂಡು ಹೆಣ್ಣುಗಳ ಮೂಳೆಕಟ್ಟಿನ ವ್ಯತ್ಯಾಸವನ್ನು ಹೇಳುವ ಪದ. ಕರಡಿನಲ್ಲಿ ‘ಲೈಂಗಿಕ ದ್ವಿರೂಪತೆ’ ಎಂದಿದೆ. ಅಂಗರಚನೆ ಕಲಿಸುವವರು ಕೈಬೆರಳಿನಲ್ಲೇ ಇದನ್ನು ತೋರಿಸಿಕೊಡುತ್ತಾರೆ: ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿದಾಗ ಆಗುವ ಕೋನ ಹೆಣ್ಣಿನ ಚಪ್ಪೆಯ ಮುಂಭಾಗದ ಕಮಾನನ್ನು ಹೋಲುತ್ತದೆ, ತೋರುಬೆರಳನ್ನೂ ನಡುಬೆರಳನ್ನೂ ಅಗಲಿಸಿದರೆ ಗಂಡಿನದು. ಈ ಮುಂಭಾಗದ ಮೂಳೆಯ ಮೂರು ಲಕ್ಷಣಗಳನ್ನು ಹಿಡಿದು ಗಂಡು ಹೆಣ್ಣು ಗುರುತಿಸುವ ವಿಧಾನವನ್ನು ಫೆನಿಸ್ ಎಂಬ ವಿದ್ವಾಂಸ 1969ರಲ್ಲಿ ಪ್ರಕಟಿಸಿದ್ದು, ಇಂದಿಗೂ ಅದು ಬಳಕೆಯಲ್ಲಿದೆ. ಆದರೆ ತಲೆಬುರುಡೆಗೆ ಬಂದರೆ ಹುಬ್ಬಿನ ದಿಂಡು, ಕಿವಿಯ ಹಿಂದಿನ ಉಬ್ಬು, ಗದ್ದ ಇವುಗಳನ್ನು 1ರಿಂದ 5ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ, ನಡುವಿನ 3 ಎಂದರೆ ಯಾವುದೆಂದು ಹೇಳಲಾಗದು ಎಂದರ್ಥ. ಹದಿಹರೆಯಕ್ಕೆ ಮುಂಚಿನ ಮಗುವಿನ ಎಲುಬುಗಳನ್ನು ನೋಡಿ ನಂಬಿಕೆಯಿಂದ ಏನನ್ನೂ ಹೇಳಲಾಗದು. ಒಂದು ನಾಡಿನ ಜನರ ಎಲುಬುಗಳ ಮೇಲೆ ಕಟ್ಟಿದ ಅಳತೆಗೋಲು ಇನ್ನೊಂದು ನಾಡಿನವರಿಗೆ ಹಾಗೆಯೇ ಒಗ್ಗುವುದೂ ಇಲ್ಲ. ಹೀಗಿರುವಾಗ ‘ದ್ವಿರೂಪ’ ಎಂದರೆ ಎರಡೇ ಅಚ್ಚು, ನಡುವೆ ಬರಿದು ಎಂಬ ಭಾವ ಬರುತ್ತದೆ. ‘ಸರಾಸರಿ ವ್ಯತ್ಯಾಸ’ ಎಂದು ಬಿಡಿಸಿ ಬರೆದರೆ ಮಾತು ಉದ್ದವಾದರೂ ನಿಜಕ್ಕೆ ಹತ್ತಿರ.

ಇದೇ ಕಾರಣಕ್ಕೆ ‘ಎಲುಬಿನಿಂದ ಲಿಂಗ ಪತ್ತೆ’ ಎಂಬುದನ್ನೂ ‘ಲಿಂಗದ ಅಂದಾಜು’ ಎಂದು ತಿದ್ದಿದ್ದೇನೆ. ಹುಟ್ಟುವ ಮುನ್ನ ಮಗುವಿನ ಲಿಂಗ ತಿಳಿಯುವುದನ್ನು ನಿಷೇಧಿಸಿದ 1994ರ ಕಾಯಿದೆಯಾದಾಗಿನಿಂದ ನಮ್ಮಲ್ಲಿ ‘ಲಿಂಗ ಪತ್ತೆ’ ಎಂದರೆ ಕಣ್ಣಮುಂದೆ ಬರುವುದು ಭ್ರೂಣಹತ್ಯೆಯ ಅಪರಾಧ.

‘ಸ್ತ್ರೀ ಹಾರ್ಮೋನ್’ ಎಂಬುದನ್ನೂ ಹೊಡೆದುಹಾಕಿ ‘ಈಸ್ಟ್ರೋಜನ್’ ಎಂದೇ ಬರೆದಿದ್ದೇನೆ. ಉದ್ದೆಲುಬುಗಳ ತುದಿಯಲ್ಲಿ ಬೆಳವಣಿಗೆಯ ಪಟ್ಟಿಯನ್ನು ಮುಚ್ಚಿಸುವುದು ಗಂಡಸರಲ್ಲೂ ಈಸ್ಟ್ರೋಜನ್ನೇ. ದೇಹ ಈಸ್ಟ್ರೋಜನ್ನಿಗೆ ಓಗೊಡದ ಒಬ್ಬ ಗಂಡಸು 28 ವರ್ಷವಾದರೂ ಬೆಳೆಯುತ್ತಲೇ ಇದ್ದು 204 ಸೆಂಟಿಮೀಟರ್ ಎತ್ತರವಾಗಿದ್ದ ಸಂಗತಿ 1994ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು.

ಭುಜದ ಅಗಲಕ್ಕೆ ‘ಹೆಗಲ ಹರವು’ ಎಂಬ ಪದವನ್ನು ನಾನೇ ಕಟ್ಟಿದ್ದೇನೆ. ಮಂಡ್ಯದ ಆ ಅಕ್ಕನಿಗೆ ಅದು ಹಿಡಿಸಿತು. ಅವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಆ ಹರವೇ. ಫೋಟೋ ತೆಗೆಯುವಾಗ ಒಂದು ಹೆಗಲನ್ನು ಹಿಂದಕ್ಕೆ ಸರಿಸಿ, ಸೆರಗನ್ನು ಇನ್ನೊಂದರ ಮೇಲೆ ಅಗಲವಾಗಿ ಹರಡಿಕೊಂಡು ನಿಲ್ಲುತ್ತಾರೆ. ಇಂಥ ಅನುಭವಕ್ಕೆ ಕರಡಿನಲ್ಲಿ ಒಂದು ಕಡೆ ‘ದೇಹಭ್ರಮೆ’ ಎಂಬ ಪದ ನುಸುಳಿತ್ತು. ಅದನ್ನು ಕಂಡು ನನಗೆ ನಿಜಕ್ಕೂ ಬೇಸರವಾಯಿತು. ಅವರ ಕಣ್ಣು ಸುಳ್ಳು ಹೇಳುತ್ತಿಲ್ಲ. ಹೆಗಲು ಇರುವಷ್ಟೇ ಅಗಲವಾಗಿ ಅವರಿಗೆ ಕಾಣುತ್ತಿದೆ. ಬೀದಿಯಲ್ಲಿ ಹೋಗುವಾಗ ಎಲ್ಲರೂ ಮೊದಲು ನೋಡುವುದು ಅದನ್ನೇ ಎಂಬ ಅನ್ನಿಸಿಕೆ ಅದರ ಮೇಲೆ ಹೇರಿರುವ ಭಾರವೇ ನೋವಿನ ಮೂಲ. ಹಾಗಾಗಿ ‘ದೇಹಗ್ರಹಿಕೆ’ ಸಾಕು ಎಂದುಕೊಂಡಿದ್ದೇನೆ. ‘ದೇಹಬಿಂಬ’ ಕನ್ನಡಿಗೆ ಅಂಟಿಕೊಂಡುಬಿಡುತ್ತದೆ.

ಆ ನೋವಿಗೇ ಒಂದು ಹೆಸರು ಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ‘ಲಿಂಗತ್ವ ಗುರುತಿನ ವಿಕಾರ’ ಎಂಬ ಹಳೆಯ ಹೆಸರನ್ನು ಕೈಬಿಟ್ಟು, ತೀವ್ರ ಸಂಕಟ ಎಂಬರ್ಥದ ‘ಡಿಸ್ಫೋರಿಯಾ’ ಎಂಬುದನ್ನು ತಂದಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣ ಈ ಸ್ಥಿತಿಯನ್ನು ಮನೋವ್ಯಾಧಿಗಳ ಅಧ್ಯಾಯದಿಂದಲೇ ಹೊರತಂದು, ಹೊಂದಿಕೆಯಾಗದಿರುವಿಕೆ ಎಂಬರ್ಥದ ಬೇರೆ ಹೆಸರಿಟ್ಟಿದೆ. ಆದ್ದರಿಂದ ಕನ್ನಡದಲ್ಲಿ ‘ವಿಕಾರ’, ‘ವ್ಯಾಧಿ’, ‘ದೋಷ’ ಎಂಬ ಬಾಲಗಳು ಸಲ್ಲವು. ‘ಅಸಮಾಧಾನ’ ಸಾರಿಗೆ ಉಪ್ಪು ಕಡಿಮೆಯಾದಾಗಲೂ ಆಗುತ್ತದೆ, ಅಷ್ಟು ಹಗುರ. ‘ಬೇಗುದಿ’ಗೆ ಬೇಕಾದ ಬಿಸಿಯಿದೆ, ‘ತಳಮಳ’ಕ್ಕೆ ಬಿಟ್ಟೂಬಿಡದ ಚಲನೆಯಿದೆ. ನನ್ನ ಒಲವು ‘ಮೈಯೊಪ್ಪದ ತಳಮಳ’ದ ಕಡೆಗೆ. ‘ಒಪ್ಪು’ ಎಂಬುದರಲ್ಲಿ ಹೊಂದಿಕೆಯೂ ಅಂದವೂ ಎರಡೂ ಇರುವುದರಿಂದ ಅವರು ಹೇಳುವುದಕ್ಕೆ ಇದು ಸಮೀಪ ಎಂದು ನನಗೆ ತೋರುತ್ತದೆ.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಸೀಮೆಯಲ್ಲಿ ‘ಚಪ್ಪೆ’ ಮನುಷ್ಯರ ಮೈಗೂ ಸಲ್ಲುತ್ತದೆಯೇ? ಬಾಣಂತಿಯರಿಗೆ ಎಣ್ಣೆ ನೀವುವ ಹಿರಿಯ ಹೆಂಗಸರು, ಮೂಳೆ ಕಟ್ಟುವವರು, ಸೂಲಗಿತ್ತಿಯರು ಈ ಮೂಳೆಯನ್ನು ಏನೆಂದು ಕರೆಯುತ್ತಾರೆ? ಧಾರವಾಡ, ಕಲಬುರಗಿ ಕಡೆಯವರ ‘ಟೊಂಕ’ ನಡುವಿನ ಎಷ್ಟು ಕೆಳಗಿನವರೆಗೆ ಇಳಿಯುತ್ತದೆ? ಸಾಧ್ಯವಾದರೆ ಆ ಪದ ಬರುವ ಒಂದು ಪೂರ್ತಿ ವಾಕ್ಯವನ್ನು, ಅವರು ಆಡಿದ ಹಾಗೆಯೇ, ಬರೆದು ಕಳಿಸಿ; ಅದನ್ನು ಆ ಅಕ್ಕನಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಆ ಪುಟವನ್ನು ಅಚ್ಚಿಗೆ ಬಿಡುತ್ತೇನೆ.