ಸಹಾಯ ಬೇಕು: ಸೈಕಲ್ ಕಂಪ್ಯೂಟರ್‌ನಲ್ಲಿ ಹಳೇ ವರ್ಕೌಟ್‌ಗಳ ಕಾಟ

ಎಲ್ಲರಿಗೂ ನಮಸ್ಕಾರ. ಪವರ್ ಮೀಟರ್ (ಪೆಡಲ್ ತುಳಿಯುವ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಸಾಧನ) ಹಾಕಿಕೊಂಡು ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ತುಳಿಯುವ ಸುತ್ತು) ಮಾಡುವವರು ಸ್ವಲ್ಪ ದಾರಿ ತೋರಿಸಿ.

ಆ್ಯಪ್‌ನಲ್ಲಿ ವರ್ಕೌಟ್ ತಯಾರಿಸಿ ಸೈಕಲ್ ಕಂಪ್ಯೂಟರ್‌ಗೆ ಸಿಂಕ್ ಮಾಡುತ್ತೇನೆ. ಹೋಗುವುದೇನೋ ಸರಿಯಾಗಿ ಹೋಗುತ್ತದೆ. ಆದರೆ ಮುಗಿಸಿದ ವರ್ಕೌಟ್‌ಗಳೂ ಅಲ್ಲೇ ಬಿದ್ದಿರುತ್ತವೆ. ಕಂಪ್ಯೂಟರ್‌ನಲ್ಲಿ ಅಳಿಸಿದರೆ ಮುಂದಿನ ಸಿಂಕ್‌ಗೆ ಮತ್ತೆ ಹಾಜರ್! ಆ್ಯಪ್‌ನಲ್ಲೇ ತೆಗೆಯಬೇಕಾ, ಇಲ್ಲಾ ಕೇಬಲ್ ಹಾಕಿ ಫಿಟ್ ಫೈಲ್ (ವರ್ಕೌಟ್ ಇರುವ ಫೈಲ್) ಡಿಲೀಟ್ ಮಾಡಬೇಕಾ?

ಅದಕ್ಕಿಂತ ಜಾಸ್ತಿ ತಲೆನೋವು ಎಫ್‌ಟಿಪಿಯದು (ಸುಮಾರು ಒಂದು ಗಂಟೆ ಸತತವಾಗಿ ತುಳಿಯಬಲ್ಲ ಗರಿಷ್ಠ ಸರಾಸರಿ ಶಕ್ತಿ). ಟೆಸ್ಟ್ ಆದಮೇಲೆ 200ರಿಂದ 215 ವ್ಯಾಟ್‌ಗೆ ಬದಲಿಸಿದೆ. 8 ನಿಮಿಷದ ನಾಲ್ಕು ಇಂಟರ್ವಲ್, ಎಲ್ಲವೂ ಎಫ್‌ಟಿಪಿಯ 105%. ಅಂದರೆ ಸುಮಾರು 226 ವ್ಯಾಟ್ ಕೇಳಬೇಕು ಅಲ್ವಾ? ಸ್ಕ್ರೀನ್ ಮೇಲೆ ಇನ್ನೂ 210 ಅಂತಲೇ ಬರುತ್ತಿದೆ. ಕಳಿಸುವಾಗಲೇ ಶೇಕಡಾ ಲೆಕ್ಕ ವ್ಯಾಟ್ ಆಗಿ ಫೈಲ್‌ನಲ್ಲಿ ಕೂತುಬಿಡುತ್ತದೆ ಅನ್ನಿಸುತ್ತದೆ. ಎಲ್ಲವನ್ನೂ ಹೊಸದಾಗಿ ಕಳಿಸದೆ ಬೇರೆ ದಾರಿ ಇದೆಯಾ?

ವಾರ್ಮ್‌ಅಪ್‌ಗೆ ಟೈಮ್ ಬದಲು ‘ಲ್ಯಾಪ್ ಬಟನ್ ಒತ್ತುವವರೆಗೆ’ ಅಂತ ಇಟ್ಟಿದ್ದೇನೆ. ಖಾಲಿ ರಸ್ತೆ ಸಿಕ್ಕಮೇಲೆ ಒತ್ತಿದರಾಯಿತು, ಇಂಟರ್ವಲ್ ಶುರು. ಇದೊಂದು ಮಾತ್ರ ಚೆನ್ನಾಗಿ ನಡೆಯುತ್ತಿದೆ.

ಫ್ಯಾಕ್ಟರಿ ರಿಸೆಟ್ ಮಾಡಿ ಅಂತ ಮಾತ್ರ ಸುಮ್ನೆ ಹೇಳಬೇಡಿ. ಜೋಡಿಸಿಟ್ಟ ಸ್ಕ್ರೀನ್‌ಗಳು, ಸೆನ್ಸರ್‌ಗಳು ಎಲ್ಲಾ ಹೋಗುತ್ತವೆ.